ಬಿಲದೊಳಗಿನ ಕಾನೂನು



ದತ್ತಿ ಉಪನ್ಯಾಸಕ್ಕೆ ನಿಂತವರು ಮೊದಲು ದತ್ತಿಯಿಟ್ಟವರನ್ನು ನೆನೆಯಬೇಕು. ಗೌರವದಿಂದ ನೆನೆಯುತ್ತೇನೆ. ಅದರ ಬೆನ್ನಿಗೇ ಇನ್ನೊಬ್ಬ ದತ್ತಿದಾನಿಯ ಹೆಸರನ್ನೂ ಹೇಳಬೇಕಾಗಿದೆ. ಇಬ್ಬರನ್ನೂ ಹೋಲಿಸುತ್ತಿದ್ದಾನೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಬರ್ಕ್‌ಷೈರ್ ಸೀಮೆಯಲ್ಲಿ ವೋಕಿಂಗ್‌ಹ್ಯಾಮ್ ಎಂಬ ಸಂತೆಯೂರಿದೆ. ಅಲ್ಲಿಯ ಜಾರ್ಜ್ ಸ್ಟ್ಯಾವರ್ಟನ್ ಎಂಬಾತ 1661ರಲ್ಲಿ ತನ್ನ ಉಯಿಲಿನ ಮೂಲಕ ಒಂದು ದತ್ತಿ ಬಿಟ್ಟುಹೋದ. ವರ್ಷವರ್ಷವೂ ಕ್ರಿಸ್‌ಮಸ್ಸಿಗೆ ಮುಂಚೆ, ಸಂತ ಥಾಮಸನ ಹಬ್ಬದ ದಿನ, ಅಂದರೆ ಡಿಸೆಂಬರ್ 21ರಂದು, ಪೇಟೆಯ ಬಯಲಿನಲ್ಲಿ ಗೂಳಿ ಕಟ್ಟಿ ಅದರ ಮೇಲೆ ನಾಯಿ ಬಿಡಬೇಕು. ಆಮೇಲೆ ಗೂಳಿಯ ಮಾಂಸವನ್ನು ಊರಿನ ಬಡವರಿಗೆ ಹಂಚಬೇಕು. ಪುಣ್ಯವೂ ಆಯಿತು, ಮೋಜೂ ಆಯಿತು. ಈ ದತ್ತಿ 160 ವರ್ಷ ನಡೆಯಿತು. 1821ರಲ್ಲಿ ಊರಿನ ಆಡಳಿತ ನಾಯಿ ಬಿಡುವುದನ್ನು ನಿಲ್ಲಿಸಿತು. ಮಾಂಸದ ಹಂಚಿಕೆ ಮಾತ್ರ ಆಮೇಲೂ ಉಳಿಯಿತು.

ಆ ಆಟ ನಡೆಯುತ್ತಿದ್ದ ರೀತಿ ಹೀಗೆ. ಗೂಳಿಯ ಕೊಂಬಿಗೋ ಕೊರಳಿಗೋ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ನೆಲದಲ್ಲಿ ಹೂತ ಕಬ್ಬಿಣದ ಬಳೆಗೆ ಕಟ್ಟುತ್ತಿದ್ದರು. ನಾಯಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ತೆವಳಿಕೊಂಡು ಬಂದು ಗೂಳಿಯ ಮೂಗು ಹಿಡಿಯಬೇಕು. ಗೂಳಿ ತಲೆ ತಗ್ಗಿಸಿ ಅದನ್ನು ಕೊಂಬಿನಿಂದೆತ್ತಿ ಒಗೆಯಬೇಕು. ಮೇಲಕ್ಕೆ ಹಾರಿದ ನಾಯಿ ಬೀಳುವಾಗ ಬೆನ್ನು ಮುರಿಯದಿರಲೆಂದು ಅದರ ಯಜಮಾನ ಹೆಗಲೊಡ್ಡಿ ಓಡುತ್ತಿದ್ದ. ನಾಯಿ ಬಿಟ್ಟು ದಣಿಸಿದ ಗೂಳಿಯ ಮಾಂಸ ಮೆದುವಾಗುತ್ತದೆ ಎಂಬ ನಂಬಿಕೆಯೂ ಇತ್ತು. ಹಾಗೆ ಮಾಡದೆ ಕಡಿದ ಗೂಳಿಯ ಮಾಂಸ ಮಾರಿದರೆ ಕಟುಕನಿಗೆ ದಂಡ ಹಾಕುವ ನಿಯಮ ಎಷ್ಟೋ ಪಟ್ಟಣಗಳಲ್ಲಿತ್ತು. ಮುಂದೆ ಕಾನೂನು ಯಾವುದನ್ನು ಅಪರಾಧವೆಂದಿತೋ ಅದನ್ನು ಮಾಡದಿರುವುದೇ ಆಗ ಅಪರಾಧ.

ಇಂದಿನ ನನ್ನ ವಿಷಯ ಗೂಳಿಯಲ್ಲ, ಅದಕ್ಕಿಂತ ಚಿಕ್ಕದು: ಟೆರಿಯರ್ ಎಂಬ ನಾಯಿ. ಬ್ರಿಟನ್ನಿನಲ್ಲಿ 200 ವರ್ಷಗಳಿಂದ ಒಂದೊಂದಾಗಿ ನಿಷಿದ್ಧವಾದ ಹಿಂಸೆಯ ಆಟಗಳ ಜಾಡು ಹಿಡಿದು ಹೊರಟರೆ ಬಹುಮಟ್ಟಿಗೆ ಎಲ್ಲ ಕಡೆಯೂ ಈ ನಾಯಿ ಎದುರಾಗುತ್ತದೆ. ಕಾನೂನು ನಾಯಿಯನ್ನು ಕೇಳಿದ ಪ್ರಶ್ನೆ ಒಂದೇ ಇರಲಿಲ್ಲ. ಎಲ್ಲಿ ಕಚ್ಚಿತು? ಯಾರು ನೋಡುತ್ತಿದ್ದರು? ಆ ಜಮೀನು ಯಾರದು? ಕಚ್ಚಿಸಿಕೊಂಡ ಪ್ರಾಣಿಗೆ ಆದ ನೋವಿನ ಪ್ರಶ್ನೆ ಬಂದದ್ದು ಬಹಳ ತಡವಾಗಿ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಅದರ ವಿವರ.

ಕೇಂಬ್ರಿಜ್‌ನ ವೈದ್ಯ ಜಾನ್ ಕೀಸ್ 1570ರಲ್ಲಿ ಬ್ರಿಟನ್ನಿನ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ನರಿಯನ್ನೂ ಬ್ಯಾಜರನ್ನೂ ಹುಡುಕಿಕೊಂಡು ನೆಲದೊಳಕ್ಕೆ ನುಸುಳುವ ನಾಯಿಯ ವಿವರಣೆ ಅದರಲ್ಲಿದೆ. ಬ್ಯಾಜರ್ ನಮ್ಮ ತರಕರಡಿಯ ದೂರದ ನೆಂಟ. ಗಿಡ್ಡ ಕಾಲು, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ, ಹತ್ತು ಹನ್ನೆರಡು ಕಿಲೋ ತೂಕ. ಎರೆಹುಳು ತಿಂದುಕೊಂಡು ತಲೆತಲಾಂತರದಿಂದ ಒಂದೇ ಬಿಲದಲ್ಲಿ ಸಂಸಾರ ಮಾಡುವ ಪ್ರಾಣಿ. ಅದರ ಕೆಳದವಡೆಯ ಕೀಲು ತಲೆಬುರುಡೆಯ ಗುಳಿಯಲ್ಲಿ ಎಷ್ಟು ಬಿಗಿಯಾಗಿ ಕೂತಿದೆಯೆಂದರೆ ಬುರುಡೆ ಒಡೆದೀತೇ ಹೊರತು ದವಡೆ ಕಳಚುವುದಿಲ್ಲ. ಅದು ಒಮ್ಮೆ ಕಚ್ಚಿ ಹಿಡಿದರೆ ನಾಯಿಯ ಮೂತಿ ಮೊದಲಿನಂತೆ ಉಳಿಯುವುದಿಲ್ಲ.

ಬಿಲಕ್ಕಿಳಿಯುವ ನಾಯಿಯ ಮೈಕಟ್ಟನ್ನು ಬಿಲವೇ ತೀರ್ಮಾನಿಸಿತು. ಇಂದಿಗೂ ಬೇಟೆಯವರು ಟೆರಿಯರನ್ನು ಪರೀಕ್ಷಿಸುವುದು ಎರಡು ಅಂಗೈಗಳಿಂದ. ಮುಂಗಾಲುಗಳ ಹಿಂದೆ ಎದೆಯ ಸುತ್ತ ಕೈಬಳಸಿದಾಗ ಎರಡೂ ಕೈಯ ಬೆರಳುಗಳು ಒಂದಕ್ಕೊಂದು ತಾಗಬೇಕು. ತಾಗದಿದ್ದರೆ ಆ ನಾಯಿ ನರಿಯ ಬಿಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎದೆ ಗಟ್ಟಿಯಾಗಿರಬೇಕು, ಆದರೆ ಒತ್ತಿದರೆ ಬಾಗಬೇಕು. ಬಾಲವನ್ನು ಮರಿಯಲ್ಲೇ ಕತ್ತರಿಸಿ ಒಂದು ಹಿಡಿಯಷ್ಟು ಉಳಿಸುತ್ತಿದ್ದರು, ಒಳಗೆ ಸಿಕ್ಕಿಬಿದ್ದಾಗ ಹಿಡಿದೆಳೆಯಲು. ಬೊಗಳುವ ಗಂಟಲೂ ಬೇಕಿತ್ತು. ಮಣ್ಣಿನಡಿಯಿಂದ ಬರುವ ಸದ್ದು ಆಲಿಸಿಯೇ ಮೇಲಿದ್ದವರು ಎಲ್ಲಿ ಅಗೆಯಬೇಕೆಂದು ನಿರ್ಧರಿಸುತ್ತಿದ್ದರು. 1970ರ ದಶಕದ ಹೊತ್ತಿಗೆ ಕೊರಳಪಟ್ಟಿಗೆ ಚಿಕ್ಕ ರೇಡಿಯೋ ಕಟ್ಟುವುದು ಶುರುವಾದ ಮೇಲೆ ಕಿವಿಯ ಕೆಲಸ ಕಡಿಮೆಯಾಯಿತು.

ಟೆರಿಯರ್‌ಗಳಲ್ಲಿ ಇಷ್ಟು ಬಗೆ ಏಕೆ ಎಂದು ಕೇಳಿದರೆ ಒಂದೊಂದು ಸೀಮೆಯಲ್ಲಿ ನರಿಯ ಜೊತೆ ಮನುಷ್ಯನ ವ್ಯವಹಾರ ಒಂದೊಂದು ತರಹ ಇತ್ತು ಎನ್ನಬೇಕು. ದಕ್ಷಿಣದ ಬಯಲಿನಲ್ಲಿ ನರಿಬೇಟೆ ಕುದುರೆ ಏರುವವರ ಆಟ. ಹಿಂದಿನ ರಾತ್ರಿ ಒಬ್ಬ ಆಳು ಲಾಂದ್ರ ಹಿಡಿದು ಹೋಗಿ, ನರಿ ಮೇವಿಗೆ ಹೊರಟ ಹೊತ್ತಿನಲ್ಲಿ ಅದರ ಬಿಲದ ಬಾಯಿ ಮುಚ್ಚಿ ಬರುತ್ತಿದ್ದ. ಬೆಳಗ್ಗೆ ಮನೆಗೆ ಮರಳಿದ ನರಿಗೆ ಬಾಗಿಲು ಬಂದ್. ಅಷ್ಟಾದರೂ ಅದು ಎಲ್ಲೋ ಬಿಲ ಸೇರಿದರೆ ಆಗ ಟೆರಿಯರ್ ಬೇಕು. ಅದು ನರಿಯನ್ನು ಕೊಲ್ಲುವಂತಿಲ್ಲ. ಬೊಗಳಿ, ಬೆದರಿಸಿ ಹೊರಗೆ ಓಡಿಸಬೇಕು. ಕೊಂದರೆ ದೊಡ್ಡವರ ದಿನ ಹಾಳು. ಉತ್ತರದ ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳಲ್ಲಿ ಕಥೆ ಬೇರೆ. ಅಲ್ಲಿ ಕುದುರೆ ಹತ್ತದು, ಬೇಟೆ ಕಾಲ್ನಡಿಗೆಯದು. ಬರುವವರು ಕುರಿ ಸಾಕುವವರು. ಕುರಿಮರಿ ಕದಿಯುವ ನರಿ ಸತ್ತರೆ ಅವರಿಗೆ ಸಮಾಧಾನ. ಬಂಡೆಗಳ ಸಂದಿಯೊಳಕ್ಕೆ ನುಗ್ಗಿ ಅಲ್ಲೇ ಕೆಲಸ ಮುಗಿಸುವ ನಾಯಿಗೆ ಅಲ್ಲಿ ಬೆಲೆ. ಲೇಕ್‌ಲ್ಯಾಂಡ್ ಟೆರಿಯರ್ ಆ ಕಡೆಯದು. ಈಶಾನ್ಯದ ಗಣಿಗಳ ಸುತ್ತ ಬೆಳೆದ ಬೆಡ್ಲಿಂಗ್ಟನ್ ಟೆರಿಯರ್ ನೋಡಲು ಕುರಿಮರಿಯಂತಿದ್ದರೂ ಗಣಿಗಾರರ ಕೈಯಲ್ಲಿ ಇಲಿ, ಮೊಲ, ಪಂದ್ಯ ಎಲ್ಲಕ್ಕೂ ಸೈ. ವೇಲ್ಸ್‌ನ ಪೆಂಬ್ರೋಕ್‌ಷೈರ್‌ನಲ್ಲಿ ಜಾನ್ ಎಡ್ವರ್ಡ್ಸ್ ಎಂಬ ಸೇನಾಧಿಕಾರಿ ನೀರುನಾಯಿ ಮತ್ತು ಬ್ಯಾಜರ್ ಬೇಟೆಗೆಂದೇ ಸೀಲಿಹ್ಯಾಮ್ ತಳಿಯನ್ನು ರೂಪಿಸಿದ. ವಾಲ್ಟರ್ ಸ್ಕಾಟ್ 1815ರಲ್ಲಿ ಬರೆದ ಕಾದಂಬರಿಯೊಂದರ ರೈತನ ಹೆಸರೇ ಡ್ಯಾಂಡಿ ಡಿನ್‌ಮಾಂಟ್ ಎಂಬ ತಳಿಗೆ ಅಂಟಿಕೊಂಡಿತು. ಕಥೆಯ ಪಾತ್ರದ ಹೆಸರಿನಿಂದ ಒಂದು ಪ್ರಾಣಿ ಗುರುತಾಗುವ ಭಾಗ್ಯ ನಮ್ಮ ಕಾದಂಬರಿಕಾರರಿಗೆ ಇನ್ನೂ ಬಂದಿಲ್ಲ.

ಇನ್ನು ಪಾರ್ಲಿಮೆಂಟಿಗೆ ಬರೋಣ. ಗೂಳಿಯ ಮೇಲೆ ನಾಯಿ ಬಿಡುವುದನ್ನು ನಿಷೇಧಿಸುವ ಮಸೂದೆಯನ್ನು ಸರ್ ವಿಲಿಯಂ ಪಲ್ಟನಿ 1800ರಲ್ಲಿ ಕಾಮನ್ಸ್ ಸಭೆಗೆ ತಂದ. ವಿಲಿಯಂ ವಿಂಡಮ್ ಎದ್ದು ನಿಂತು ವಿರೋಧಿಸಿದ. ಅವನೇನು ಕಟುಕರ ವಕೀಲನಲ್ಲ. ಯುದ್ಧಖಾತೆ ನೋಡಿಕೊಳ್ಳುತ್ತಿದ್ದ ಸಚಿವ, ಓದಿದವನು, ಸ್ಯಾಮ್ಯುಯೆಲ್ ಜಾನ್ಸನ್ನನ ಸ್ನೇಹಿತನಾಗಿದ್ದವನು. ಅವನ ವಾದದ ತಿರುಳು ಇದು: ವರ್ಷವೆಲ್ಲ ದುಡಿಯುವ ಬಡವನಿಗಿರುವುದು ಇಂಥ ಒಂದೆರಡು ಮೋಜು, ಅದನ್ನು ಕ್ರೌರ್ಯವೆಂದು ಕಿತ್ತುಕೊಳ್ಳುತ್ತೀರಿ, ನರಿಯ ಹಿಂದೆ ಕುದುರೆ ಓಡಿಸುವ ನಿಮ್ಮ ಆಟಕ್ಕೆ ಏನನ್ನುತ್ತೀರಿ? ಮಸೂದೆ ಎರಡೇ ಮತಗಳಿಂದ ಬಿದ್ದುಹೋಯಿತು. 1802ರಲ್ಲಿ ಮತ್ತೆ ತಂದರು, ಮತ್ತೆ ಬಿತ್ತು.

ವಿಂಡಮ್‌ನನ್ನು ಇತಿಹಾಸಕಾರರು ಸಾಮಾನ್ಯವಾಗಿ ಪ್ರಗತಿಯ ದಾರಿಗೆ ಅಡ್ಡ ನಿಂತವನೆಂದು ತೋರಿಸುತ್ತಾರೆ. ನನಗೆ ಹಾಗೆ ಸುಲಭವಾಗಿ ಕೈಬಿಡಲು ಆಗುವುದಿಲ್ಲ. ಅವನು ಎತ್ತಿದ ಪ್ರಶ್ನೆ ಸರಿಯಾದದ್ದು, ಅದರಿಂದ ತೆಗೆದ ತೀರ್ಮಾನ ತಪ್ಪು. ಇಬ್ಬರೂ ಕ್ರೂರಿಗಳಾದರೆ ಇಬ್ಬರನ್ನೂ ತಡೆಯಿರಿ ಎಂದು ಅವನು ಹೇಳಲಿಲ್ಲ. ಇಬ್ಬರನ್ನೂ ಬಿಟ್ಟುಬಿಡಿ ಎಂದ. ಬಡವರ ಪರವಾಗಿ ಅವನು ಮಾತಾಡಿದ್ದು ಅವರ ಕೂಲಿ ಹೆಚ್ಚಿಸಿ ಎಂದಲ್ಲ, ಗೂಳಿಯನ್ನು ಅವರಿಗೇ ಬಿಡಿ ಎಂದು. ಆದರೆ ಮುಂದಿನ 200 ವರ್ಷ ಅವನ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ ಎಂಬುದೂ ನಿಜ.

ಈ ಪ್ರಶ್ನೆ ನಮ್ಮಲ್ಲಿಗೂ ಬಂದಿದೆ. ಪ್ರಾಣಿಹಿಂಸೆ ತಡೆಯ ಮೊದಲ ಅಖಿಲ ಭಾರತ ಕಾಯ್ದೆ 1890ರದ್ದು, ಬ್ರಿಟಿಷರು ತಮ್ಮ ಕಾನೂನಿನ ಮಾದರಿಯಲ್ಲಿ ಮಾಡಿದ್ದು. ಅದರ ಜಾಗದಲ್ಲಿ 1960ರ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳವನ್ನು ಉಳಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ತುಳುನಾಡಿನ ಕೋಳಿ ಅಂಕಕ್ಕೆ ಅಂಥ ತಿದ್ದುಪಡಿ ಬರಲಿಲ್ಲ. ಪೊಲೀಸರು ಬರುತ್ತಾರೆ, ಹುಂಜಗಳನ್ನು ವಶಪಡಿಸಿಕೊಳ್ಳುತ್ತಾರೆ, ಆಮೇಲೆ ಹರಾಜು ಹಾಕುತ್ತಾರೆ. ಕಂಬಳ ಓಟ, ಅಂಕ ಕಾದಾಟ. ಎರಡೂ ಒಂದೇ ಎನ್ನುವಷ್ಟು ದಡ್ಡತನ ನನಗಿಲ್ಲ. ಆದರೆ ಯಾವುದು ಪರಂಪರೆ, ಯಾವುದು ಜೂಜು ಎಂದು ಬೇರ್ಪಡಿಸುವಾಗ ಆಟದ ಯಜಮಾನರ ಗತ್ತೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಕರಾವಳಿಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಗಾಲ್ವೇಯ ರಿಚರ್ಡ್ ಮಾರ್ಟಿನ್ 1822ರಲ್ಲಿ ದನ, ಕುರಿ, ಕುದುರೆಗಳನ್ನು ಹಿಂಸಿಸುವುದರ ವಿರುದ್ಧ ಕಾಯ್ದೆ ಮಾಡಿಸಿದ. ಗೂಳಿ ಆ ಪಟ್ಟಿಯಲ್ಲಿಲ್ಲ ಎಂದು ನ್ಯಾಯಾಲಯಗಳು ಹೇಳಿದವು! ಕೊನೆಗೆ 1835ರಲ್ಲಿ ಕ್ವೇಕರ್ ಪಂಥದ ಜೋಸೆಫ್ ಪೀಸ್ ತಂದ ಮಸೂದೆ ಕಾಯ್ದೆಯಾಯಿತು. ಗೂಳಿ, ಕರಡಿ, ಬ್ಯಾಜರ್, ನಾಯಿ ಮುಂತಾದವನ್ನು ಕಾದಾಡಿಸಲು ಮನೆ, ಕೋಣೆ, ಕಣ, ಬಯಲು ಹೀಗೆ ಯಾವುದೇ ಜಾಗವನ್ನು ಇಟ್ಟುಕೊಂಡರೆ ದಂಡ. ಗಮನಿಸಿ, ಕಾನೂನಿನ ಕೈ ಮೊದಲು ತಲುಪಿದ್ದು ಜಾಗಕ್ಕೆ. ಜನ ಸೇರುವ, ಬಾಜಿ ಕಟ್ಟುವ, ಕುಡಿಯುವ, ಗದ್ದಲವಾಗುವ ಜಾಗಕ್ಕೆ.

ಕಾಯ್ದೆ ಬಂದ ಮಾತ್ರಕ್ಕೆ ಊರು ಕೇಳಬೇಕಲ್ಲ. ಲಿಂಕನ್‌ಷೈರಿನ ಸ್ಟ್ಯಾಮ್‌ಫರ್ಡ್‌ನಲ್ಲಿ ಪ್ರತಿ ನವೆಂಬರ್ 13ರಂದು ಬೀದಿಗಳಿಗೆ ಅಡ್ಡಗಟ್ಟಿ ಗೂಳಿಯನ್ನು ಓಡಿಸಿ, ಸೇತುವೆಯಿಂದ ವೆಲ್ಯಾಂಡ್ ಹೊಳೆಗೆ ದಬ್ಬುವ ಆಟವಿತ್ತು. ನಿಲ್ಲಿಸಲು ಲಂಡನ್ನಿನಿಂದ ಪೊಲೀಸರು ಬಂದರು, ಕುದುರೆ ಸೈನಿಕರು ಬಂದರು. ಜನ ಜಗ್ಗಲಿಲ್ಲ, 1839ರಲ್ಲೂ ಗೂಳಿ ಓಡಿತು. ಆಮೇಲೆ ಬಂದೋಬಸ್ತಿನ ಖರ್ಚು ಊರಿನ ತೆರಿಗೆದಾರರ ತಲೆಗೆ ಬಂತು. ಮರುವರ್ಷ ಊರವರೇ ಮುಚ್ಚಳಿಕೆ ಬರೆದುಕೊಟ್ಟು ನಿಲ್ಲಿಸಿದರು. ದಯೆಗಿಂತ ರಶೀದಿ ಬೇಗ ಕೆಲಸ ಮಾಡಿತು.

ಗೂಳಿ ಹೋಯಿತು, ಕರಡಿ ಹೋಯಿತು, ನಾಯಿ ಉಳಿಯಿತು. ಬುಲ್‌ಡಾಗ್ ಮತ್ತು ಟೆರಿಯರ್‌ಗಳನ್ನು ಕೂಡಿಸಿದ ಬೆರಕೆ ನಾಯಿಗಳು ಆ ಮೊದಲೇ ಪಟ್ಟಣಗಳ ಹೆಂಡದಂಗಡಿಗಳಲ್ಲಿ ಹೆಸರು ಮಾಡಿದ್ದವು. ಬಿಲ್ಲಿ ಎಂಬ ಅಂಥದೊಂದು ನಾಯಿ 1823ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಕಣದಲ್ಲಿ ನೂರು ಇಲಿಗಳನ್ನು ಐದೂವರೆ ನಿಮಿಷದಲ್ಲಿ ಮುಗಿಸಿತು. ದೊಡ್ಡ ಪ್ರಾಣಿಯ ಆಟಕ್ಕೆ ಕಾನೂನು ಅಡ್ಡ ಬಂದ ಮೇಲೆ ಇಲಿಯ ಆಟ ಇನ್ನೂ ಏರಿತು. ಇಲಿಯ ವಿಷಯದಲ್ಲಿ ಪೊಲೀಸರು ಕಣ್ಣು ಮುಚ್ಚಿಕೊಂಡಿದ್ದರು. ಇಲಿಗಾಗಿ ಅಳುವವರು ಯಾರು?

ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬಡವರ ಬದುಕನ್ನು ದಾಖಲಿಸುತ್ತ 1850ರ ಸುಮಾರಿಗೆ ಇಂಥ ಒಂದು ಹೆಂಡದಂಗಡಿಗೆ ಹೋದ. ಅದರ ಯಜಮಾನ ಜಿಮ್ಮಿ ಶಾ. ಮಹಡಿಯ ಕೋಣೆಯಲ್ಲಿ ಮರದ ಹಲಗೆಯ ಕಣ, ಮೇಲೆ ಗ್ಯಾಸ್ ದೀಪ, ಸುತ್ತ ಸಿಪಾಯಿಗಳು, ಗಾಡಿಯವರು, ವ್ಯಾಪಾರಿಗಳು, ಒಂದಿಬ್ಬರು ಸಾಹೇಬರು. ತಾನು ವಾರಕ್ಕೆ 300ರಿಂದ 700 ಇಲಿ ಕೊಳ್ಳುತ್ತೇನೆಂದು ಶಾ ಅವನಿಗೆ ಲೆಕ್ಕ ಕೊಟ್ಟ. ಬರುತ್ತಿದ್ದುದು ಎಸೆಕ್ಸ್‌ನಂಥ ಹಳ್ಳಿಗಾಡಿನಿಂದ; ಇಲಿ ಹಿಡಿದುಕೊಟ್ಟೇ ಹೊಟ್ಟೆ ಹೊರೆಯುವ ಕುಟುಂಬಗಳಿದ್ದವು. ಚರಂಡಿಯ ಇಲಿ ಬೇಡ, ಅದು ಕಚ್ಚಿದರೆ ನಾಯಿಯ ಬಾಯಿ ಕೊಳೆಯುತ್ತದೆ. ಕಣಜದ ಇಲಿಯೇ ಬೇಕು. ಆಟಕ್ಕೆ ನಿಯಮಗಳೂ ಇದ್ದವು. ಸತ್ತಿದೆಯೋ ಇಲ್ಲವೋ ಎಂದು ತಕರಾರು ಬಂದ ಇಲಿಯನ್ನು ಸೀಮೆಸುಣ್ಣದ ಗೆರೆಯ ವೃತ್ತದಲ್ಲಿಟ್ಟು ಬಾಲಕ್ಕೆ ಕೋಲಿನಿಂದ ಮೂರು ಏಟು ಹಾಕಬೇಕು. ತೆವಳಿ ಗೆರೆ ದಾಟಿದರೆ ಅದು ಬದುಕಿದೆ ಎಂದು ತೀರ್ಪು. ಹಳ್ಳಿಯ ಕಣಜದಲ್ಲಿ ಟೆರಿಯರ್ ಮಾಡುತ್ತಿದ್ದ ದಿನನಿತ್ಯದ ಕೆಲಸ ಪಟ್ಟಣದ ಮಹಡಿಗೆ ಬಂದು ಗಡಿಯಾರ ಹಿಡಿದ ತೀರ್ಪುಗಾರನ ಮುಂದೆ ಜೂಜಾಯಿತು. ಈ ಆಟಗಳನ್ನೆಲ್ಲ ಹಳ್ಳಿಯ ಹಳೆಯ ಸಂಪ್ರದಾಯವೆಂದು ಈಗ ಹಾಡಿ ಹೊಗಳುವವರಿಗೆ ನಾನು ಮೇಹ್ಯೂವಿನ ಆ ಪುಟಗಳನ್ನು ತೋರಿಸುತ್ತೇನೆ.

ಸಂಪ್ರದಾಯದ ಮಾತು ಬಂದದ್ದರಿಂದ ಪಾದ್ರಿ ಜಾನ್ ರಸೆಲ್‌ನ ಕಥೆ ಹೇಳಲೇಬೇಕು. 1819ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ನ ವಿದ್ಯಾರ್ಥಿಯಾಗಿದ್ದಾಗ ಹಾಲು ಮಾರುವವನೊಬ್ಬನ ಬಳಿ ಅವನೊಂದು ಹೆಣ್ಣು ಟೆರಿಯರ್ ಕಂಡ: ಬಿಳಿ ಮೈ, ಎರಡೂ ಕಣ್ಣು ಕಿವಿಗಳ ಬಳಿ ಕಂದು ಮಚ್ಚೆ, ಬಾಲದ ಬುಡದಲ್ಲಿ ನಾಣ್ಯದಷ್ಟು ಅಗಲದ ಇನ್ನೊಂದು. ಅಲ್ಲೇ ಕೊಂಡ. ಅದರ ಹೆಸರು ಟ್ರಂಪ್. ನಂತರ ಡೆವನ್ ಸೀಮೆಯ ಸ್ವಿಂಬ್ರಿಜ್ ಎಂಬ ಹಳ್ಳಿಯಲ್ಲಿ ಪಾದ್ರಿಯಾದ. ಪ್ರವಚನಕ್ಕಿಂತ ಬೇಟೆಗೇ ಹೆಸರಾದ. ಇಂದು ಜಾಕ್ ರಸೆಲ್ ಎಂದು ಜಗತ್ತೆಲ್ಲ ಸಾಕುವ ನಾಯಿ ಅವನ ಹೆಸರಿನದು. ಅವನ ನಾಯಿಗಳು ನರಿಯನ್ನು ಹೊರಡಿಸುವವು, ಹರಿಯುವವಲ್ಲ. ಟ್ರಂಪ್‌ಳ ಚಿತ್ರ ರಾಜಮನೆತನದ ಸ್ಯಾಂಡ್ರಿಂಗ್‌ಹ್ಯಾಮ್ ಬಂಗಲೆ ಸೇರಿತು. ನಾಯಿಯ ನೆನಪನ್ನು ಉಳಿಸುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತ ಕಾಳಿ ಎಂಬ ನಾಯಿಗಾಗಿ 10ನೇ ಶತಮಾನದಲ್ಲೇ ಮಂಡ್ಯ ಸೀಮೆಯ ಆತಕೂರಿನಲ್ಲಿ ಮಣಲೇರ ಕಲ್ಲು ನಿಲ್ಲಿಸಿದ; ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ನಾಯಿಯಷ್ಟೇ ಅಲ್ಲ, ಎದುರಾಳಿ ಹಂದಿಯೂ ಇದೆ.

1873ರಲ್ಲಿ ಕೆನಲ್ ಕ್ಲಬ್ ಹುಟ್ಟಿದಾಗ ರಸೆಲ್ ಅದರ ಮೊದಲ ಸದಸ್ಯರಲ್ಲೊಬ್ಬ. ನಾಯಿಗೆ ವಂಶಾವಳಿ, ಬಹುಮಾನ, ಪ್ರದರ್ಶನ ಬಂದವು. ಬಿಲಕ್ಕಿಳಿಯಬೇಕಾದ ನಾಯಿ ವೇದಿಕೆ ಹತ್ತಿತು, ಕಾಲು ನೀಳವಾಯಿತು, ಎದೆ ಆಳವಾಯಿತು. ಅದಕ್ಕೆ ಎದುರಾಗಿ ದುಡಿಯುವ ನಾಯಿಯನ್ನು ಉಳಿಸುತ್ತೇವೆಂದು ಹೊರಟವರಲ್ಲಿ ಆರ್ಥರ್ ಹೈನ್‌ಮನ್ ಮುಖ್ಯ. 1894ರಲ್ಲಿ ಅವನು ಕಟ್ಟಿದ ಸಂಘ ಡೆವನ್ ಮತ್ತು ಸಾಮರ್ಸೆಟ್ ಬ್ಯಾಜರ್ ಕ್ಲಬ್. ಬ್ಯಾಜರ್ ಬಿಲಕ್ಕೆ ಟೆರಿಯರ್ ಇಳಿಸಿ, ಮೇಲಿಂದ ಗುದ್ದಲಿಯಲ್ಲಿ ಅಗೆದು ಪ್ರಾಣಿಯನ್ನು ಹೊರತೆಗೆಯುವುದು ಅವರ ಭಾನುವಾರದ ಹವ್ಯಾಸವಲ್ಲ, ಸಂಘದ ಉದ್ದೇಶವೇ ಅದು. ಕೊಟ್ಟಿಗೆಯಲ್ಲಿ ಪೆಟ್ಟಿಗೆಯೊಳಗಿಟ್ಟ ಬ್ಯಾಜರ್ ಮೇಲೆ ನಾಯಿ ಬಿಟ್ಟರೆ 1835ರಿಂದಲೇ ಅಪರಾಧ. ಅದೇ ಬ್ಯಾಜರ್ ತನ್ನ ಬಿಲದಲ್ಲಿದ್ದಾಗ ಅದೇ ನಾಯಿ ಬಿಟ್ಟರೆ ಮರ್ಯಾದಸ್ಥರ ಕ್ರೀಡೆ. 1911ರ ಪ್ರಾಣಿರಕ್ಷಣಾ ಕಾಯ್ದೆ ಸಾಕಿದ ಪ್ರಾಣಿ, ಸೆರೆಯಲ್ಲಿರುವ ಪ್ರಾಣಿ ಎರಡಕ್ಕೇ ನಿಂತಿತು. ಎರಡು ಕಡೆಯಿಂದಲೂ ದಾರಿ ಮುಚ್ಚಿಸಿಕೊಂಡು ಬಿಲದಲ್ಲಿ ಕೂತ ಬ್ಯಾಜರ್ ಕಾನೂನಿನ ಕಣ್ಣಿಗೆ ಸ್ವತಂತ್ರ ಪ್ರಾಣಿ.

ಬಿಲದೊಳಕ್ಕೆ ಕಾನೂನು ತಲೆಹಾಕಲು 1973 ಬೇಕಾಯಿತು. ಲಾರ್ಡ್ ಆರನ್ ಬಹುಕಾಲ ಹಟ ಹಿಡಿದು ಬ್ಯಾಜರ್ ಕಾಯ್ದೆ ಮಾಡಿಸಿದ. ಸಲಿಂಗಿಗಳನ್ನು ಜೈಲಿಗಟ್ಟುವ ಕಾನೂನನ್ನು 1967ರಲ್ಲಿ ಬದಲಾಯಿಸುವುದಕ್ಕೂ ಶ್ರಮಿಸಿದವನು ಅವನೇ. ಬ್ಯಾಜರ್ ಕಾಯ್ದೆಯಲ್ಲೂ ಜಮೀನಿನ ಒಡೆಯನಿಗೂ ಅವನು ಅನುಮತಿ ಕೊಟ್ಟವರಿಗೂ ವಿನಾಯಿತಿ ಉಳಿಯಿತು. ಅದು ಹೋದದ್ದು 1981ರಲ್ಲಿ. ಆಮೇಲೆ ಸಿಕ್ಕಿಬಿದ್ದವರು ನರಿ ಅಗೆಯುತ್ತಿದ್ದೆವು ಎನ್ನತೊಡಗಿದರು. ನರಿಗೆ ರಕ್ಷಣೆ ಇರಲಿಲ್ಲವಲ್ಲ. 1985ರಲ್ಲಿ ಹೊರೆ ತಿರುಗಿತು: ಸಾಕ್ಷ್ಯ ಬ್ಯಾಜರ್ ಕಡೆ ಬೆರಳು ತೋರಿಸುವಂತಿದ್ದರೆ, ಅಲ್ಲವೆಂದು ಸಾಬೀತು ಮಾಡುವುದು ಅಗೆದವನ ಕೆಲಸ. 1991ರಲ್ಲಿ ಬಿಲಕ್ಕೂ ರಕ್ಷಣೆ ಬಂತು. 1992ರಲ್ಲಿ ಎಲ್ಲವನ್ನೂ ಒಂದೇ ಕಾಯ್ದೆಗೆ ಸೇರಿಸಿದರು. ನೀರುನಾಯಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1978ರಲ್ಲಿ ರಕ್ಷಣೆ ಸಿಕ್ಕಿತ್ತು, ಅಷ್ಟರಲ್ಲಿ ಹೊಳೆಗಳಲ್ಲಿ ಅದು ಅಪರೂಪವಾಗಿತ್ತು.

ಕದ್ದು ಮಾಡುವವರು ಈಗಲೂ ಇದ್ದಾರೆ. ಪತ್ತೆ ಹಚ್ಚುವವರಿಗೆ ಹಲವು ಸಲ ಸುಳಿವು ಸಿಗುವುದು ನಾಯಿಯ ಮುಖದಿಂದ. ಮೂತಿಯ ತುಂಬ ಅಡ್ಡಾದಿಡ್ಡಿ ಗಾಯದ ಗೆರೆ, ಹರಿದ ಕೆಳತುಟಿ, ಕೆಲವೊಮ್ಮೆ ಕೆಳದವಡೆಯ ಮೂಳೆ ಕಾಣುವಷ್ಟು ಗಾಯ. ಪಶುವೈದ್ಯರ ಬಳಿ ಒಯ್ದರೆ ಅನುಮಾನ ಬರುತ್ತದೆಂದು ಯಜಮಾನ ಮನೆಯಲ್ಲೇ ಹೊಲಿಗೆ ಹಾಕಿರುತ್ತಾನೆ. ಇನ್ನೊಂದು ವಿಚಿತ್ರ ನೋಡಿ. ಇಂಗ್ಲೆಂಡಿನಲ್ಲಿ 2021ರಿಂದ ಸಾಕುಪ್ರಾಣಿಯನ್ನು ಹಿಂಸಿಸಿದವನಿಗೆ ಐದು ವರ್ಷದವರೆಗೆ ಜೈಲು. ಬ್ಯಾಜರ್ ಕಾಯ್ದೆಯಲ್ಲಿ ಗರಿಷ್ಠ ಆರು ತಿಂಗಳು. ಹಾಗಾಗಿ ಗಾಯಗೊಂಡ ನಾಯಿಯ ಹೆಸರಿನಲ್ಲಿ ಮೊಕದ್ದಮೆ ಹೂಡಿದರೆ ದೊಡ್ಡ ಶಿಕ್ಷೆಗೆ ಅವಕಾಶ, ಸತ್ತ ಬ್ಯಾಜರ್ ಹೆಸರಿನಲ್ಲಿ ಹೂಡಿದರೆ ಸಣ್ಣದಕ್ಕೆ.

ವಿಂಡಮ್‌ನ ಪ್ರಶ್ನೆಗೆ ಉತ್ತರದ ಪ್ರಯತ್ನವೊಂದು ನಡೆದದ್ದು 2004ರಲ್ಲಿ. ಲಾರ್ಡ್ಸ್ ಸಭೆ ಒಪ್ಪದಿದ್ದರೂ ಕಾಮನ್ಸ್ ಸಭೆ ತನ್ನ ವಿಶೇಷಾಧಿಕಾರ ಬಳಸಿ, ನಾಯಿಗಳೊಡನೆ ಕಾಡು ಸಸ್ತನಿಗಳನ್ನು ಬೇಟೆಯಾಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಿಷೇಧಿಸಿತು; 2005ರ ಫೆಬ್ರವರಿ 18ರಂದು ಕಾಯ್ದೆ ಜಾರಿಗೆ ಬಂತು. ಕೆಂಪು ಕೋಟಿನ ಸವಾರರ ನರಿಬೇಟೆ, ಕಾಗದದ ಮೇಲಾದರೂ, ಮುಗಿಯಿತು. ಆದರೆ ಅದೇ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಬಿಲಕ್ಕೆ ಇಳಿಯುವ ನಾಯಿಗೆ ವಿನಾಯಿತಿ ಇದೆ. ಒಂದೇ ನಾಯಿ ಇರಬೇಕು. ಒಳಗಿನ ಪ್ರಾಣಿಯನ್ನು ಆದಷ್ಟು ಬೇಗ ಹೊರಡಿಸಿ ಗುಂಡು ಹೊಡೆಯಬೇಕು. ಉದ್ದೇಶ ಒಂದೇ ಆಗಿರಬೇಕು: ಕೋವಿಬೇಟೆಗೆಂದು ಸಾಕುವ ಅಥವಾ ಕಾಪಾಡುವ ಹಕ್ಕಿಗಳ ರಕ್ಷಣೆ. ಕುರಿಮರಿ ಕಳೆದುಕೊಂಡ ಬೆಟ್ಟದ ರೈತ ತನ್ನ ಟೆರಿಯರನ್ನು ನರಿಯ ಬಿಲಕ್ಕೆ ಬಿಡುವಂತಿಲ್ಲ. ಶ್ರೀಮಂತರ ಕೋವಿಗೆ ಹಾರಿಸಲೆಂದೇ ಫೆಸೆಂಟ್ ಹಕ್ಕಿ ಸಾಕುವ ಎಸ್ಟೇಟಿನ ಕಾವಲುಗಾರ ಬಿಡಬಹುದು. ಜಮೀನು ತನ್ನದಲ್ಲದಿದ್ದರೆ ಒಡೆಯನ ಲಿಖಿತ ಒಪ್ಪಿಗೆ ಜೊತೆಯಲ್ಲಿರಬೇಕು, ಪೊಲೀಸರು ಕೇಳಿದರೆ ತೋರಿಸಬೇಕು.